‘ಮನಿ’ಯೂ ‘ಮನೆ’ಯೂ: ನಾಲಿಗೆಗೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು ಮಾತಿನಲ್ಲಿ ‘ಮನಿ’ ಎನ್ನುತ್ತೇವೆ, ಪುಸ್ತಕ ಹಿಡಿದು ಓದುವಾಗ ಅದೇ ಬಾಯಿ ‘ಮನೆ’ ಎನ್ನುತ್ತದೆ. ನಾಲಿಗೆ ಎಷ್ಟು ಏಳಬೇಕೆಂದು ನಿರ್ಧರಿಸುವುದು ಬಾಯಿಯೋ, ಮಿದುಳೋ?

ಉತ್ತರ: ಸ್ವರದ ನಾದ ಹುಟ್ಟುವುದು ಬಾಯಲ್ಲಲ್ಲ, ಗಂಟಲಿನಲ್ಲಿ. ಶ್ವಾಸಕೋಶದಿಂದ ಬರುವ ಗಾಳಿಗೆ ಧ್ವನಿಪೆಟ್ಟಿಗೆಯ ಎರಡು ಮಡಿಕೆಗಳು ಸೆಕೆಂಡಿಗೆ ಗಂಡಸರಲ್ಲಿ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ಆ ನಾದದಲ್ಲಿ ‘ಇ’ಯೂ ಇಲ್ಲ, ‘ಎ’ಯೂ ಇಲ್ಲ. ಬನಶಂಕರಿ ಜಾತ್ರೆಯಲ್ಲಿ ಕೊಂಡ ಪೀಪಿಯ ಬಾಯನ್ನು ಅಂಗೈಯಿಂದ ಮುಚ್ಚಿ ತೆರೆದರೆ ಒಂದೇ ಸದ್ದು ‘ವಾ ವಾ’ ಎನ್ನುವಂತೆ, ನಾಲಿಗೆ, ದವಡೆ, ತುಟಿಗಳು ಬಾಯೊಳಗಿನ ಟೊಳ್ಳಿನ ಆಕಾರವನ್ನು ಬದಲಿಸಿ, ನಾದದ ಕೆಲವು ಕಂಪನಗಳನ್ನು ಎತ್ತಿ ಉಳಿದವನ್ನು ತಗ್ಗಿಸುತ್ತವೆ. ಹೀಗೆ ಟೊಳ್ಳು ಎತ್ತಿಕೊಡುವ ಕಂಪನಗಳಿಗೆ ಅನುರಣನ ಎನ್ನುತ್ತಾರೆ; ಅವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದಾದ ಮೊದಲ ಅನುರಣನ ‘ಆ’ದಲ್ಲಿ ಸುಮಾರು 700 ಹರ್ಟ್ಸ್ (ಸೆಕೆಂಡಿಗೆ 700 ಕಂಪನ), ‘ಈ’ಯಲ್ಲಿ ಸುಮಾರು 300, ‘ಎ’ ನಡುವೆ ನಿಲ್ಲುತ್ತದೆ. ಪಿಸುಗುಟ್ಟಿ ನೋಡಿ: ಮಡಿಕೆಗಳು ಕಂಪಿಸದಿದ್ದರೂ ‘ಮನಿ’, ‘ಮನೆ’ ಬೇರೆಬೇರೆಯಾಗಿಯೇ ಕೇಳುತ್ತವೆ.

ಇಷ್ಟೂ ಅಂಗಗಳಿಗೆ ಆಜ್ಞೆ ಹೋಗುವುದು ಮಿದುಳಿನಿಂದ, ಬೇರೆಬೇರೆ ನರಗಳ ಮೂಲಕ. ಧ್ವನಿಪೆಟ್ಟಿಗೆಯ ಎಡಬದಿಯ ನರವಂತೂ ಎದೆಗಿಳಿದು, ಮಹಾಪಧಮನಿಯನ್ನು ಬಳಸಿ, ಮತ್ತೆ ಗಂಟಲಿಗೇರುತ್ತದೆ. ಬಾಗಲಕೋಟೆಯಿಂದ ಲೋಕಾಪುರಕ್ಕೆ ಹೊರಟವರು ವಿಜಯಪುರ ಸುತ್ತಿ ಬಂದಂತೆ. ಆದರೂ ನಾಲಿಗೆಯೂ ನಾದವೂ ಹೊತ್ತಿಗೆ ಸರಿಯಾಗಿ ಕೂಡುತ್ತವೆ.

ಮಿದುಳು ಗುರಿಯಿಡುವುದು ನಾಲಿಗೆಯ ನಿಲುವಿಗಿಂತ ಹೆಚ್ಚಾಗಿ ಕೇಳಬೇಕಾದ ಸದ್ದಿಗೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು. ಬೆಳಿಗ್ಗೆ ಬೇವಿನ ಕಡ್ಡಿಯನ್ನು ದವಡೆಹಲ್ಲಿನಲ್ಲಿ ಕಚ್ಚಿಕೊಂಡೇ ‘ಈಗ ಬಂದ್ರೇನ್ರೀ?’ ಎಂದು ಕೇಳುವವರನ್ನು ಗಮನಿಸಿ. ‘ಈ’ಗೆ ದವಡೆ ಮೇಲೇರಬೇಕು, ಕಡ್ಡಿ ಬಿಡುವುದಿಲ್ಲ, ನಾಲಿಗೆ ತಾನೇ ಇನ್ನಷ್ಟು ಉಬ್ಬಿ ಆ ಕೊರತೆಯನ್ನು ತುಂಬುತ್ತದೆ. ಹಲ್ಲುಗಳ ನಡುವೆ ತುಂಡೊಂದನ್ನು ಇಟ್ಟು ನಡೆಸಿದ, 1979ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ ಸ್ವರಗಳು ಮೊದಲ ಯತ್ನದಲ್ಲಿಯೇ ಹೆಚ್ಚುಕಡಿಮೆ ಸರಿಯಾಗಿ ಬಂದವು. 1998ರಲ್ಲಿ ಹೌಡ್ ಮತ್ತು ಜೋರ್ಡನ್ ಎಂಬ ವಿಜ್ಞಾನಿಗಳು, ಮಾತಾಡುವವರ ಸ್ವರವನ್ನು ಯಂತ್ರದಿಂದ ಬದಲಿಸಿ ಅವರ ಕಿವಿಗೇ ಕೇಳಿಸಿದಾಗ, ಅವರು ತಮಗರಿವಿಲ್ಲದೆಯೇ ಉಚ್ಚಾರವನ್ನು ಎದುರು ದಿಕ್ಕಿಗೆ ತಿದ್ದಿಕೊಂಡರು.

ಹೀಗಾಗಿ ತೊಟ್ಟಿಲಿನಿಂದ ಕೇಳಿದ ‘ಮನಿ’ ಒಂದು ಗುರಿ, ಶಾಲೆಯಲ್ಲಿ ಕೇಳಿದ ‘ಮನೆ’ ಇನ್ನೊಂದು. ಎರಡರಲ್ಲಿ ಯಾವುದೂ ತಪ್ಪಲ್ಲ. ಕಿವಿಯ ಈ ಕಾವಲು ಎಷ್ಟು ಮುಖ್ಯವೆಂಬುದು ದೊಡ್ಡವರಾದ ಮೇಲೆ ಪೂರ್ತಿ ಕಿವುಡಾದವರಲ್ಲಿ ಕಾಣುತ್ತದೆ: ಅವರ ಸ್ವರಗಳು ಕೂಡಲೇ ಕೆಡುವುದಿಲ್ಲ, ಆದರೆ ವರ್ಷಗಳು ಕಳೆದಂತೆ ಕೆಲವರಲ್ಲಿ ಒಂದು ಸ್ವರ ಇನ್ನೊಂದರ ಹತ್ತಿರಕ್ಕೆ ಮೆಲ್ಲಗೆ ಸರಿಯುತ್ತದೆ.