ಆರೋಗ್ಯ ಸಾಕ್ಷರತೆ: ಆ್ಯಪ್ ತೆರೆಯುವ ಮೊದಲೇ ಬೇಕಾದ ಓದು

ಗ್ಲೂಕೋಮೀಟರ್ 118 ಎಂದು ತೋರಿಸುತ್ತದೆ. ಆ ಅಂಕಿಯನ್ನು ಸಕ್ಕರೆ ಕಾಯಿಲೆಯ ಆ್ಯಪ್‌ಗೆ ತುಂಬಲು ಹೊರಟರೆ ಅದು ಮೊದಲು ಕೇಳುವುದು: ಊಟಕ್ಕೆ ಮೊದಲೋ, ಆಮೇಲೋ? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 118 ಬಂದರೆ ಅದು ಮಧುಮೇಹದ ಹೊಸ್ತಿಲು. ಊಟವಾಗಿ ಎರಡು ಗಂಟೆ ಕಳೆದ ಮೇಲೆ ಬಂದರೆ ಗಾಬರಿ ಬೇಕಿಲ್ಲ. ಈ ವ್ಯತ್ಯಾಸ ತಿಳಿದು, ಮುಂದೇನು ಮಾಡಬೇಕೆಂದು ನಿರ್ಧರಿಸಬಲ್ಲ ಶಕ್ತಿಯೇ ಆರೋಗ್ಯ ಸಾಕ್ಷರತೆ.

ಇದು ಬರೀ ಅಕ್ಷರಜ್ಞಾನವಲ್ಲ. ಪದವೀಧರರೂ ರಕ್ತಪರೀಕ್ಷೆಯ ವರದಿಯ ಮುಂದೆ ತಡವರಿಸುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ತಮ್ಮ ಬಿ.ಪಿ. ಮಾತ್ರೆಯನ್ನು ಏಕೆ ತಪ್ಪಿಸಬಾರದೆಂದು ಸ್ಪಷ್ಟವಾಗಿ ಹೇಳಬಲ್ಲರು. ಸಾರ್ವಜನಿಕ ಆರೋಗ್ಯ ತಜ್ಞ ಡಾನ್ ನಟ್‌ಬೀಮ್ 2000ದಲ್ಲಿ ಇದಕ್ಕೆ ಮೂರು ಹಂತ ಗುರುತಿಸಿದರು: ಸೂಚನೆಯನ್ನು ಓದಿ ಪಾಲಿಸುವುದು, ವೈದ್ಯರೊಡನೆ ಮಾತನಾಡಿ ತಿಳಿದುಕೊಳ್ಳುವುದು, ಕೇಳಿದ್ದನ್ನು ಒರೆಗೆ ಹಚ್ಚಿ ನೋಡುವುದು.

ಜನ ಹೊಸ ತಂತ್ರಜ್ಞಾನವನ್ನು ಒಪ್ಪಲು ಎರಡು ನಂಬಿಕೆಗಳು ಬೇಕೆಂದು 1989ರಲ್ಲಿ ತಂತ್ರಜ್ಞಾನ ಬಳಕೆಯ ಸಂಶೋಧಕ ಫ್ರೆಡ್ ಡೇವಿಸ್ ಹೇಳಿದ್ದರು: ಇದರಿಂದ ಉಪಯೋಗವಿದೆ, ಬಳಸುವುದು ಸುಲಭ. ಆರೋಗ್ಯದ ಆ್ಯಪ್‌ಗಳಲ್ಲಿ ಈ ಎರಡಕ್ಕೂ ಬೇರು ಸಾಕ್ಷರತೆಯೇ. ಅಂಕಿಯ ಅರ್ಥವೇ ಆಗದವರಿಗೆ ಅದನ್ನು ದಿನವೂ ತುಂಬುವುದು ದಂಡದ ಕೆಲಸವಾಗಿ ಕಾಣುತ್ತದೆ. ಮಗಳು ಹಾಕಿಕೊಟ್ಟ ಆ್ಯಪ್ ವಾರದೊಳಗೆ ಮೂಲೆ ಸೇರುತ್ತದೆ.

ಆದರೆ ಸಾಕ್ಷರತೆ ಹೆಚ್ಚಿದಷ್ಟೂ ಆ್ಯಪ್ ಬಳಕೆ ಹೆಚ್ಚುತ್ತದೆ ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಬೇಡವೆನ್ನುವುದನ್ನೂ ಅದು ಕಲಿಸಬೇಕು. 2014ರಲ್ಲಿ ಅಮೆರಿಕದಲ್ಲಿ ‘ಇನ್‌ಸ್ಟಂಟ್ ಬ್ಲಡ್ ಪ್ರೆಶರ್’ ಎಂಬ ಆ್ಯಪ್ ಬಂತು. ಫೋನನ್ನು ಎದೆಗೆ ಒತ್ತಿ, ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಸಾಕು, ರಕ್ತದೊತ್ತಡ ತಿಳಿಯುತ್ತದೆ ಎಂದಿತು. ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಜಾನ್ಸ್ ಹಾಪ್ಕಿನ್ಸ್ ವೈದ್ಯರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಫಲಿತಾಂಶ ಎದೆ ನಡುಗಿಸುವಂಥದ್ದು: ಒತ್ತಡ ಹೆಚ್ಚಿದ್ದ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿಗೆ ಅದು ‘ಹೆಚ್ಚಿಲ್ಲ’ ಎಂದು ತೋರಿಸಿತ್ತು. ತೋಳಿಗೆ ಪಟ್ಟಿ ಕಟ್ಟದೆ ಒತ್ತಡ ಅಳೆಯುವುದು ಹೇಗೆ ಎಂದು ಕೇಳುವ ಅಭ್ಯಾಸವಿದ್ದವರು ಇಂಥದ್ದನ್ನು ಸುಲಭವಾಗಿ ನಂಬುವುದಿಲ್ಲ.

ಹೊಣೆಯೆಲ್ಲ ಬಳಸುವವರದೇ ಅಲ್ಲ. ‘ಫಾಸ್ಟಿಂಗ್’ ಎಂಬುದನ್ನು ಆ್ಯಪ್ ಕನ್ನಡದಲ್ಲಿ ‘ಉಪವಾಸ’ ಎಂದು ಬರೆದರೆ ನಮ್ಮ ಹಿರಿಯರಿಗೆ ನೆನಪಾಗುವುದು ಏಕಾದಶಿ. ‘ಬೆಳಿಗ್ಗೆ ಏನನ್ನೂ ತಿನ್ನುವ, ಕಾಫಿ ಕುಡಿಯುವ ಮೊದಲು’ ಎಂದು ಬರೆಯಲಿ, 118 ತಾನು ಇರಬೇಕಾದ ಜಾಗದಲ್ಲೇ ದಾಖಲಾಗುತ್ತದೆ.