ಹೊಸ ನಿರ್ದೇಶಕರಿಗೆ ಶಾಲು ಹೊದಿಸಿದ ಮೇಲೆ?

ಪ್ರಶ್ನೆ: ನಮ್ಮ ಗ್ರಂಥಾಲಯ ಸಹಕಾರ ಸಂಘದ ಆಡಳಿತ ಮಂಡಳಿಗೆ ಐದು ಮಂದಿ ಹೊಸಬರು ಆಯ್ಕೆಯಾಗಿದ್ದಾರೆ. ಅವರನ್ನು ಬರಮಾಡಿಕೊಳ್ಳುವುದು ಹೇಗೆ? ಯಾರಿಗೆ ಯಾವ ಅಧಿಕಾರ ಒಪ್ಪಿಸಬೇಕು? (ಇಂಡಿ ತಾಲ್ಲೂಕಿನ ಓದುಗರು)

ಚುನಾವಣೆ ಮುಗಿದ ಮರುವಾರ ಈ ಪ್ರಶ್ನೆ ತಪ್ಪದೇ ಬರುತ್ತದೆ. ಸಿಂದಗಿಯಿಂದ ಬಂದಿದೆ, ಮುದ್ದೇಬಿಹಾಳದಿಂದ ಬಂದಿದೆ, ಈಗ ಇಂಡಿಯ ಸರದಿ. ಮೊದಲರ್ಧಕ್ಕೆ ಉತ್ತರ ಸಣ್ಣದು. ಶಾಲು, ಹಾರ, ಚುರುಮುರಿ, ಮಿರ್ಚಿ ಭಜಿ, ಚಹಾ, ಇವನ್ನು ವಿಜಯಪುರ ಜಿಲ್ಲೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಖರ್ಚನ್ನು ಸಂಘದ ಲೆಕ್ಕಕ್ಕೆ ಹಾಕುವುದಾದರೆ ರಸೀದಿ ಇರಲಿ, ಅಷ್ಟೇ. ಶಾಲಿನ ಜೊತೆಗೆ ಉಪವಿಧಿಯ (ಸಂಘದ ಸ್ವಂತ ನಿಯಮಗಳ) ಪ್ರತಿ, ಹಿಂದಿನ ಸಾಲಿನ ಲೆಕ್ಕಪರಿಶೋಧನಾ ವರದಿ, ಕಳೆದ ಐದಾರು ಸಭೆಗಳ ನಡಾವಳಿಗಳನ್ನೂ ಕೈಗಿಡಿ. ಓದಲು ಒಂದು ವಾರ ಕೊಟ್ಟು ಆಮೇಲೆ ಸಭೆ ಕರೆಯಿರಿ.

ನನ್ನ ತಕರಾರು ಇರುವುದು "ಅಧಿಕಾರ ಒಪ್ಪಿಸುವುದು" ಎಂಬ ಮಾತಿನ ಮೇಲೆ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಬರೆಯುತ್ತೇನೆ: ಒಬ್ಬ ನಿರ್ದೇಶಕನಿಗೆ, ಅಂದರೆ ಮಂಡಳಿಯ ಒಬ್ಬ ಸದಸ್ಯನಿಗೆ, ಒಪ್ಪಿಸಲು ಬಿಡಿ ಅಧಿಕಾರ ಎಂಬುದೇ ಇಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಸಂಘದ ಆಡಳಿತವನ್ನು ಕೊಟ್ಟಿರುವುದು ಮಂಡಳಿಗೆ, ಮಂಡಳಿಯಲ್ಲಿ ಕುಳಿತ ವ್ಯಕ್ತಿಗೆ ಅಲ್ಲ. ನೋಟಿಸು ಹೋಗಬೇಕು, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಆಗಬೇಕು, ಠರಾವು ಆಗಬೇಕು. ಸಭೆ ಮುಗಿಸಿ ಹೊಸ್ತಿಲು ದಾಟಿದ ಮೇಲೆ ನಿರ್ದೇಶಕರೂ ಒಬ್ಬ ಓದುಗರೇ. ಮಂಡಳಿ ಠರಾವು ಮಾಡಿ ಒಂದು ಕೆಲಸ ವಹಿಸಿದರೆ ಆ ಕೆಲಸದ ಮಟ್ಟಿಗೆ ಮಾತ್ರ ಅವರ ಮಾತು ನಡೆಯುತ್ತದೆ. ಹತ್ತು ಮಂದಿ ಹೊತ್ತ ಪಲ್ಲಕ್ಕಿಯನ್ನು ಒಬ್ಬನು ತನ್ನ ಮನೆಯ ಓಣಿಗೆ ತಿರುಗಿಸಲಾಗದು.

ಆದರೂ ಏನಾಗುತ್ತದೆ? ನಾನು ಕಾರ್ಯದರ್ಶಿಯಾಗಿದ್ದ ವಾಚನಾಲಯದಲ್ಲಿ ಆಯ್ಕೆಯಾದ ಮೂರನೆಯ ದಿನ ಒಬ್ಬರು ಬಂದು, ತಮಗೆ ಸೇರದ ಪತ್ರಿಕೆಯೊಂದನ್ನು ನಿಲ್ಲಿಸುವಂತೆ ಗ್ರಂಥಪಾಲಕರಿಗೆ ಹೇಳಿದರು. ಪಾಪ, ಅವರು ನಿಲ್ಲಿಸಿಯೂ ಬಿಟ್ಟರು. ಮರುವಾರ ಇನ್ನೊಬ್ಬ ನಿರ್ದೇಶಕರು ಅದೇ ಪತ್ರಿಕೆ ಯಾಕಿಲ್ಲವೆಂದು ಅದೇ ಗ್ರಂಥಪಾಲಕರ ಮೇಲೆ ರೇಗಿದರು. ಮೂರನೆಯವರು ನಾಲ್ಕು ಕಾದಂಬರಿಗಳನ್ನು ಎಂಟ್ರಿ ಇಲ್ಲದೆ ಬಗಲಿಗೆ ಹಾಕಿಕೊಂಡು ಹೊರಟರು. ಕೇಳಿದರೆ, "ನಮ್ಮದೇ ಸಂಘವಲ್ಲವೇ?" ಎಂದರು. ಹೌದು ಸ್ವಾಮಿ, ನಮ್ಮದೇ. ಅದಕ್ಕೇ ಎಂಟ್ರಿ ಬೇಕು ಎಂದೆ. ಆಮೇಲೆ ಆರು ತಿಂಗಳು ಅವರು ನನ್ನೊಡನೆ ಮಾತಾಡಲಿಲ್ಲ. ಪುಸ್ತಕಗಳು ಮಾತ್ರ ತಿರುಗಿ ಬಂದವು.

"ನನ್ನ ಷೇರು ಎಲ್ಲರಿಗಿಂತ ಹೆಚ್ಚು" ಎನ್ನುವವರೂ ಇದ್ದಾರೆ. ಇರಲಿ. ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ನೂರು ಷೇರಿನವರಿಗೂ ಒಂದು, ಒಂದು ಷೇರಿನವರಿಗೂ ಒಂದು. ಸಕ್ಕರೆ ಕಾರ್ಖಾನೆಗಳ ಚುನಾವಣೆ ನೋಡಿ ಬೆಳೆದ ನಮ್ಮ ಭಾಗದಲ್ಲಿ ನಿರ್ದೇಶಕ ಎಂದರೆ ದೊಡ್ಡ ಗಾಡಿ, ಹಿಂದೆ ನಾಲ್ಕು ಮಂದಿ ಎಂಬ ಚಿತ್ರ ತಲೆಯಲ್ಲಿ ಕೂತಿದೆ. ಎರಡು ಕೋಣೆಯ ವಾಚನಾಲಯಕ್ಕೂ ಅದೇ ಚಿತ್ರ ಹೊತ್ತು ಬಂದರೆ ಹೇಗೆ?

ಬೇಸರದ ಮಾತೆಂದರೆ, ಅಧಿಕಾರ ಒಬ್ಬೊಬ್ಬರಿಗೆ ಇಲ್ಲದಿದ್ದರೂ ಹೊಣೆ ಒಬ್ಬೊಬ್ಬರಿಗೂ ಇದೆ. ಹಣ ದುರುಪಯೋಗವಾದರೆ, ಕಾಯ್ದೆಗೆ ವಿರುದ್ಧವಾಗಿ ಪಾವತಿಯಾದರೆ, ಅದಕ್ಕೆ ಕಾರಣರಾದವರಿಂದ ಹೆಸರು ಹಿಡಿದು ವಸೂಲಿ ಮಾಡಲು ಅವಕಾಶವಿದೆ. "ಎಲ್ಲರೂ ಸಹಿ ಹಾಕಿದರು, ನಾನೂ ಹಾಕಿದೆ" ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಅದನ್ನು ನಡಾವಳಿಯಲ್ಲಿಯೇ ಬರೆಸಬೇಕು, ಚಹಾದಂಗಡಿಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಹೊಸಬರಿಗೆ ಮೊದಲ ದಿನವೇ ಇದನ್ನು ಹೇಳಿ. ಹಾರ ಸ್ವಲ್ಪ ಭಾರವೆನಿಸಿದರೂ ಚಿಂತೆಯಿಲ್ಲ.

ದಾಖಲು ವಹಿಯ, ಅಂದರೆ ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕವನ್ನೂ ಬರೆದಿಡುವ ಪುಸ್ತಕದ, ಬಗ್ಗೆ ನೀವು ಕೇಳಿಲ್ಲ. ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ವಿಜಯಪುರದ ಅಸರ್ ಮಹಲ್‌ನಲ್ಲಿ ಆದಿಲಶಾಹಿ ಗ್ರಂಥಾಲಯದ ಅಳಿದುಳಿದ ಹಸ್ತಪ್ರತಿಗಳಿದ್ದವು. ಬ್ರಿಟಿಷರು 1853ರಲ್ಲಿ ಅವನ್ನು ಲಂಡನ್ನಿಗೆ ಸಾಗಿಸಿದರು. ಈಗ ಅವು ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಹಲವು ಪುಸ್ತಕಗಳ ಮೇಲೆ ಹಳೆಯ ಮುದ್ರೆಗಳೂ ದಾಖಲೆಯ ಟಿಪ್ಪಣಿಗಳೂ ಉಳಿದಿರುವುದರಿಂದಲೇ ಯಾವ ಪುಸ್ತಕ ಯಾವಾಗ ಅರಮನೆಯ ಭಂಡಾರಕ್ಕೆ ಸೇರಿತು ಎಂಬುದನ್ನು ವಿದ್ವಾಂಸರು ಇಂದಿಗೂ ಹುಡುಕಿ ಹೇಳುತ್ತಾರೆ. ನಮ್ಮಲ್ಲಿಯೋ, ಹೋದ ವರ್ಷ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಎರಡು ಚೀಲ ಪುಸ್ತಕ ಇನ್ನೂ ಚೀಲದಲ್ಲೇ ಇರುತ್ತದೆ, ವಹಿಯಲ್ಲಿ ಒಂದು ಸಾಲೂ ಇರುವುದಿಲ್ಲ. ವಹಿಗೆ ಏರದ ಪುಸ್ತಕ ಕಳೆದರೆ ಕಳೆದದ್ದು ಯಾರಿಗೂ ತಿಳಿಯದು.

ಆದ್ದರಿಂದ ಚಹಾ ಆದ ಮೇಲೆ ಐದೂ ಮಂದಿಗೆ ದಾಖಲು ವಹಿ ತೆರೆದು ಕೊಡಿ. ಒಬ್ಬೊಬ್ಬರೂ ತಮಗೆ ಬೇಕಾದ ನಾಲ್ಕು ಸಾಲಿಗೆ ಬೆರಳಿಟ್ಟು, ಆ ನಾಲ್ಕು ಪುಸ್ತಕಗಳನ್ನು ಕಪಾಟಿನಿಂದ ತಾವೇ ಹುಡುಕಿ ತರಲಿ. ಇಪ್ಪತ್ತರಲ್ಲಿ ಎಷ್ಟು ಸಿಕ್ಕವು, ಎಷ್ಟು ಸಿಗಲಿಲ್ಲ ಎಂಬುದನ್ನು ಅಂದಿನ ನಡಾವಳಿಯಲ್ಲಿ ಬರೆದಿಡಿ.