ಹುಟ್ಟಿದ ದೇಶ ಯಾವುದು?

2025ರ ಜೂನ್‌ನಲ್ಲಿ ದಾವಣಗೆರೆಯ ಇಂಜಿನಿಯರ್ ಒಬ್ಬರು ಅಮೆರಿಕದಲ್ಲಿರುವ ನನ್ನ ವಕೀಲಿ ಕಚೇರಿಗೆ ಬಂದು ದಪ್ಪನೆಯ ಫೈಲೊಂದನ್ನು ನನ್ನ ಮುಂದಿಟ್ಟರು. "ಮೇಡಂ, ಇನ್ನೆಷ್ಟು ವರ್ಷ ಅಂತ ಹೇಳಿಬಿಡಿ. ಮನೆ ತಗೊಳ್ಳೋದಾ ಬೇಡ್ವಾ ಅಂತ ತೀರ್ಮಾನ ಮಾಡಬೇಕು" ಅಂದರು. ಕಂಪನಿ ಅವರ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದು 2014ರಲ್ಲಿ. ಆ ದಿನಾಂಕಕ್ಕೆ ಪ್ರಯಾರಿಟಿ ಡೇಟ್ ಅನ್ನುತ್ತೇವೆ, ಸಾಲಿನಲ್ಲಿ ಅವರ ಜಾಗ ಅದೇ. ಸಾಲು ಎಲ್ಲಿಗೆ ಬಂದಿದೆ ಎಂದು ಅಮೆರಿಕ ಸರ್ಕಾರ ತಿಂಗಳು ತಿಂಗಳೂ ಹೊರಡಿಸುವ ವೀಸಾ ಬುಲೆಟಿನ್‌ನಲ್ಲಿ, ಉನ್ನತ ಪದವಿ ಪಡೆದ ಉದ್ಯೋಗಿಗಳ ಇಬಿ-2 ವರ್ಗದ ಭಾರತದ ಸಾಲು ಆಗ 2013ರ ಜನವರಿ 1ಕ್ಕೆ ಬಂದು ನಿಂತಿತ್ತು.

ಫೈಲಿನಲ್ಲಿ ಅವರ ಹೆಂಡತಿಯ ಪಾಸ್‌ಪೋರ್ಟಿನ ನಕಲು ಇರಲಿಲ್ಲ. "ಮನೆಯವರು ಎಲ್ಲಿಯವರು?" ಎಂದು ಕೇಳಿದೆ.

"ಪುತ್ತೂರು ಮೇಡಂ."

"ಊರಲ್ಲ, ಹುಟ್ಟಿದ್ದೆಲ್ಲಿ?"

"ಹುಟ್ಟಿದ್ದು ಕುವೈತ್‌ನಲ್ಲಿ. ಅವರಪ್ಪ ಅಲ್ಲಿ ಕೆಲಸದಲ್ಲಿದ್ರು. ಎರಡು ವರ್ಷದ ಮಗು ಇದ್ದಾಗಲೇ ವಾಪಸ್ ಬಂದ್ರಂತೆ. ಯಾಕೆ ಮೇಡಂ?"

ಅಮೆರಿಕದ ಕಾನೂನು ಗ್ರೀನ್ ಕಾರ್ಡಿನ ಲೆಕ್ಕ ಹಿಡಿಯುವುದು ಹುಟ್ಟಿದ ದೇಶದ ಮೇಲೆ. ಪೌರತ್ವ ಯಾವುದಿದ್ದರೂ ಅದಕ್ಕೆ ಸಂಬಂಧವಿಲ್ಲ. ಗಂಡ ಹೆಂಡತಿ ಒಟ್ಟಿಗೆ ಅರ್ಜಿ ಹಾಕುವಾಗ ಇಬ್ಬರಲ್ಲಿ ಯಾರ ಹುಟ್ಟಿದ ದೇಶದ ಸಾಲು ಮುಂದಿದೆಯೋ ಆ ಸಾಲಿನಲ್ಲಿ ಇಬ್ಬರೂ ನಿಲ್ಲಬಹುದು. ಕುವೈತ್ ಸೇರಿರುವ ಸಾಲಿನಲ್ಲಿ 2014ರ ಅರ್ಜಿಗೆ ಕಾಯುವ ಮಾತೇ ಇರಲಿಲ್ಲ. ಅವರು ಸುಮ್ಮನೆ ವರ್ಷಗಟ್ಟಲೆ ಕಾದಿದ್ದರು, ಏಕೆಂದರೆ ಹಿಂದೆ ಆ ಫೈಲ್ ನೋಡಿದ ಯಾರೂ ಈ ಒಂದು ಪ್ರಶ್ನೆ ಕೇಳಿರಲಿಲ್ಲ. ನನಗೆ ಅವತ್ತು ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಇಬ್ಬರ ಪಾಸ್‌ಪೋರ್ಟಿನಲ್ಲೂ 'ಹುಟ್ಟಿದ ಸ್ಥಳ' ಎಂಬ ಕಾಲಂ ನೋಡಿಕೊಳ್ಳಿ ಎಂದು ಬಂದವರಿಗೆಲ್ಲ ಹೇಳುತ್ತೇನೆ. ನಮ್ಮ ಕರಾವಳಿಯ ಎಷ್ಟೋ ಮಕ್ಕಳು ಹುಟ್ಟಿದ್ದು ಕೊಲ್ಲಿ ದೇಶಗಳಲ್ಲಿ. ಆದರೆ ಮಕ್ಕಳು ಹುಟ್ಟಿದ ದೇಶ ಅಪ್ಪ ಅಮ್ಮನಿಗೆ ಈ ರೀತಿ ನೆರವಾಗುವುದಿಲ್ಲ, ಅದೂ ಗೊತ್ತಿರಲಿ.

ಎರಡು ವರ್ಷ ಮಾತ್ರ ಇದ್ದ ದೇಶಕ್ಕೆ ಇಷ್ಟು ಬೆಲೆ ಏಕೆ ಬಂತು? ಇದನ್ನು ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಇಲ್ಲಿನ ಕಾನೂನು ನೋಡುತ್ತಿದ್ದುದು ಬಣ್ಣವನ್ನು. 1917ರ ಕಾಯ್ದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತ್ತು. ಮೊದಲೇ ಬಂದು ನೆಲೆಸಿದವರಿಗೂ ನೆಮ್ಮದಿಯಿರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ, ಪೌರತ್ವದ ಕಾನೂನು ಹೇಳುವ 'ಬಿಳಿಯರು' ಎಂದರೆ ಸಾಮಾನ್ಯ ಜನ ಯಾರನ್ನು ಬಿಳಿಯರೆಂದು ತಿಳಿಯುತ್ತಾರೋ ಅವರು ಮಾತ್ರ ಎಂದು ಸುಪ್ರೀಂ ಕೋರ್ಟ್ 1923ರ ಫೆಬ್ರವರಿಯಲ್ಲಿ ಒಮ್ಮತದಿಂದ ತೀರ್ಪು ಕೊಟ್ಟಿತು. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಜಪಾನಿನ ಒಜಾವಾ ಅವರ ಅರ್ಜಿಯನ್ನು ತಳ್ಳಿಹಾಕುವಾಗ ಇದೇ ಕೋರ್ಟು, ಬಿಳಿಯರೆಂದರೆ ಕಕೇಷಿಯನ್ ಜನಾಂಗದವರು ಎಂದಿತ್ತು. ಥಿಂಡ್ ಅದನ್ನೇ ಹಿಡಿದು ತಾನೂ ಕಕೇಷಿಯನ್ ಎಂದು ವಾದಿಸಿದಾಗ ಅಳತೆಗೋಲನ್ನೇ ಬದಲಿಸಿತು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದುವಾಗ ಈಗಲೂ ನನ್ನ ಮೈ ಉರಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿಯಿಟ್ಟು ಬಾಳುತ್ತಿದ್ದ ವೈಷ್ಣೋ ದಾಸ್ ಬಗಾಯ್ ಆ ತೀರ್ಪಿನಿಂದಾಗಿ ಪಡೆದಿದ್ದ ಪೌರತ್ವವನ್ನೇ ಕಳೆದುಕೊಂಡರು. 1928ರಲ್ಲಿ ಅವರು ಪ್ರಾಣ ತೆಗೆದುಕೊಂಡರು.

1924ರ ಜಾನ್ಸನ್-ರೀಡ್ ಕಾಯ್ದೆ ಯುರೋಪಿನವರಿಗೂ ದೇಶವಾರು ಕೋಟಾ ಹಾಕಿತು. 1890ರ ಜನಗಣತಿಯನ್ನು ಆಧಾರವಾಗಿ ಹಿಡಿದದ್ದೇ ಇಟಲಿ, ಪೋಲೆಂಡ್ ಕಡೆಯವರನ್ನು ತಡೆಯಲು. ಅವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆಮೇಲೆ. 1929ರ ಪರಿಷ್ಕೃತ ಲೆಕ್ಕದಲ್ಲಿ ಬ್ರಿಟನ್ನಿಗೆ ವರ್ಷಕ್ಕೆ 65,721 ವೀಸಾ ಸಿಕ್ಕಿತು. ಭಾರತೀಯರಿಗೆ ಪೌರತ್ವದ ಹಕ್ಕೂ ಒಂದು ಕೋಟಾವೂ ಸಿಕ್ಕಿದ್ದು 1946ರ ಲೂಸ್-ಸೆಲ್ಲರ್ ಕಾಯ್ದೆಯಲ್ಲಿ. ಎಷ್ಟು? ವರ್ಷಕ್ಕೆ 100 ಜನ. 1952ರ ಕಾಯ್ದೆ ಪೌರತ್ವಕ್ಕೆ ಇದ್ದ ಜನಾಂಗದ ಅಡ್ಡಿಯನ್ನು ತೆಗೆದರೂ ಏಷ್ಯಾ ಮೂಲದವರನ್ನು ರಕ್ತದಿಂದಲೇ ಎಣಿಸಿತು. ಕುವೈತ್‌ನಲ್ಲಿ ಹುಟ್ಟಿದ ಪುತ್ತೂರಿನ ಮಗಳು ಆ ಕಾಲದಲ್ಲಿ ಅರ್ಜಿ ಹಾಕಿದ್ದರೆ ಭಾರತದ ಆ 100ರಲ್ಲೇ ಒಬ್ಬಳಾಗಬೇಕಿತ್ತು.

ಇದನ್ನೆಲ್ಲ ಕಿತ್ತೆಸೆದದ್ದು 1965ರ ಹಾರ್ಟ್-ಸೆಲ್ಲರ್ ಕಾಯ್ದೆ. ಬ್ರೂಕ್ಲಿನ್‌ನ ಇಮ್ಯಾನುಯೆಲ್ ಸೆಲ್ಲರ್ 1924ರಲ್ಲಿ ಅಮೆರಿಕದ ಸಂಸತ್ತಿನ ಹೊಸ ಸದಸ್ಯರಾಗಿ ಕೋಟಾವನ್ನು ವಿರೋಧಿಸಿ ಸೋತಿದ್ದರು. 41 ವರ್ಷ ಬಿಡದೆ ಬೆನ್ನುಹತ್ತಿ ತಮ್ಮ ಹೆಸರಿನ ಮಸೂದೆಯಿಂದಲೇ ಅದನ್ನು ಮುಗಿಸಿದರು. ಆದರೆ ಅವರೊಬ್ಬರ ಛಲದಿಂದ ಆದದ್ದಲ್ಲ ಇದು. 1964ರ ನಾಗರಿಕ ಹಕ್ಕು ಕಾಯ್ದೆ, 1965ರ ಆಗಸ್ಟಿನ ಮತದಾನ ಹಕ್ಕು ಕಾಯ್ದೆ ಬಂದಮೇಲೆ ಜನಾಂಗ ನೋಡಿ ವೀಸಾ ಕೊಡುವ ಕಾನೂನನ್ನು ಸಮರ್ಥಿಸಿಕೊಳ್ಳುವುದು ಕಷ್ಟವಾಗಿತ್ತು. ಮತದಾನದ ಹಕ್ಕು ಕೇಳಿ ಅಲಬಾಮದ ಸೆಲ್ಮಾದಲ್ಲಿ ಲಾಠಿ ಏಟು ತಿಂದ ಕರಿಯರ ಋಣ ನಮ್ಮ ಮೇಲಿದೆ. ನಮ್ಮ ಕನ್ನಡ ಕೂಟಗಳ ವೇದಿಕೆಯಲ್ಲಿ ಈ ಮಾತು ಬರುವುದು ಕಡಿಮೆ, ಬರಬೇಕು.

ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಅಡಿಯಲ್ಲಿ ಸಹಿ ಹಾಕುತ್ತಾ ಅಧ್ಯಕ್ಷ ಲಿಂಡನ್ ಜಾನ್ಸನ್, ಇದೇನೂ ಕ್ರಾಂತಿಕಾರಿ ಮಸೂದೆಯಲ್ಲ, ಲಕ್ಷಾಂತರ ಜನರ ಬದುಕನ್ನು ಇದು ತಟ್ಟುವುದಿಲ್ಲ ಎಂದರು. ಅವರ ಅಂದಾಜು ತಪ್ಪಿತು. ಓಹಾಯೊದ ಸಂಸದ ಮೈಕಲ್ ಫೀಗನ್ ಪಟ್ಟು ಹಿಡಿದು 74% ವೀಸಾಗಳನ್ನು ಬಂಧುಗಳಿಗೆ ಮೀಸಲಿಡಿಸಿದ್ದರು. ಈಗಾಗಲೇ ಇಲ್ಲಿರುವವರ ನೆಂಟರೆಂದರೆ ಯುರೋಪಿನವರೇ ಎಂಬುದು ಅವರ ಲೆಕ್ಕ. ಆದರೆ ಯುರೋಪು ಆಗ ಯುದ್ಧದಿಂದ ಚೇತರಿಸಿಕೊಂಡು ಸುಖವಾಗಿತ್ತು. ಬಂದವರು ನಮ್ಮ ವೈದ್ಯರು, ಇಂಜಿನಿಯರುಗಳು. ಅವರು ಪೌರರಾಗಿ ಅಣ್ಣತಮ್ಮ ಅಕ್ಕತಂಗಿಯರನ್ನು ಕರೆಸಿಕೊಂಡರು.

ಆದರೆ ಅದೇ ಕಾಯ್ದೆಯ ಇನ್ನೊಂದು ನಿಯಮ ನನ್ನ ಕಕ್ಷಿದಾರರ ನಿದ್ದೆ ಕೆಡಿಸುತ್ತಿದೆ. ಪೂರ್ವ ಗೋಳಾರ್ಧದ ಎಲ್ಲ ದೇಶಗಳಿಗೂ ಸಮನಾಗಿ, ಒಂದು ದೇಶಕ್ಕೆ ವರ್ಷಕ್ಕೆ 20,000 ಎಂಬ ಮಿತಿ. 1990ರ ಕಾಯ್ದೆಯಲ್ಲಿ ಅದು 7% ಆಯಿತು. ಕುಟುಂಬ, ಉದ್ಯೋಗ ಎರಡೂ ಸೇರಿದ 3,66,000ದಲ್ಲಿ ಒಂದು ದೇಶಕ್ಕೆ 25,620. ಐಸ್‌ಲ್ಯಾಂಡಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಉದ್ಯೋಗದ 1,40,000ದಲ್ಲಿ ಹೆಂಡತಿ ಮಕ್ಕಳೂ ಎಣಿಕೆಗೆ ಬರುತ್ತಾರೆ. ಅದೇ 1990ರ ಕಾಯ್ದೆ ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದ ಬಾಗಿಲನ್ನೂ ತೆರೆಯಿತು, ಮತ್ತು ಎಚ್-1ಬಿಗೆ ದೇಶವಾರು ಮಿತಿಯಿಲ್ಲ. ಒಳಗೆ ಬರುವ ಬಾಗಿಲು ಅಗಲ, ನೆಲೆಯೂರುವ ಬಾಗಿಲು ಕಿರಿದು. ಸಾಲು ಬೆಳೆದದ್ದು ಅಲ್ಲೇ. ದೇಶ ದೇಶಗಳ ನಡುವೆ ಸಮಾನತೆ ತಂದರು, ಮನುಷ್ಯ ಮನುಷ್ಯರ ನಡುವೆ ತರಲಿಲ್ಲ ಎಂಬುದೇ ನನ್ನ ದೂರು. ಉದ್ಯೋಗದ ಸಾಲಿನಲ್ಲಿ ಈ ಮಿತಿ ತೆಗೆಯುವ ಮಸೂದೆಗೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365 ಮತ ಬಿತ್ತು, ವಿರುದ್ಧ 65. ಸೆನೆಟ್ 2020ರ ಡಿಸೆಂಬರ್‌ನಲ್ಲಿ ಬೇರೆ ರೂಪದಲ್ಲಿ ಒಪ್ಪಿತು. ಎರಡೂ ಒಂದಾಗಲಿಲ್ಲ, ಅಧಿವೇಶನ ಮುಗಿಯಿತು.

ದಾವಣಗೆರೆಯವರ ಅಂತಿಮ ಅರ್ಜಿ ಹೋದ ವಾರವೇ ಇನ್ನೊಂದು ಫೈಲ್ ನನ್ನ ಮೇಜಿನ ಮೇಲಿತ್ತು. ಗಂಡ ಹುಟ್ಟಿದ್ದು ಹಾಸನದಲ್ಲಿ, ಹೆಂಡತಿ ತುಮಕೂರಿನಲ್ಲಿ. ಮಗಳು ನಾಲ್ಕು ವರ್ಷದವಳಿದ್ದಾಗ ಬಂದವಳು, ಈಗ ಅವಳಿಗೆ 20. ಮುಂದಿನ ಮಾರ್ಚಿಗೆ 21 ತುಂಬಿದರೆ ಅಪ್ಪನ ಅರ್ಜಿಯಿಂದ ಅವಳ ಹೆಸರು ಬಿಟ್ಟುಹೋಗುತ್ತದೆ. ಅಷ್ಟು ಚಿಕ್ಕ ವಯಸ್ಸಿನಿಂದ ಇಲ್ಲೇ ಬೆಳೆದ ಹುಡುಗಿಗೆ ನಾವೀಗ ವಿದೇಶಿ ವಿದ್ಯಾರ್ಥಿಯ ವೀಸಾ ಅರ್ಜಿ ತುಂಬುತ್ತಿದ್ದೇವೆ.